ಸ್ಟೇರಿಂಗ್ ತಿರುಗಿಸಿದರೆ ನಡುಗುವ ಕಾರು: ಕಾರವಾರದ ಒಂದು ಪ್ರಕರಣ

ಪ್ಲಗ್ ಹೊಸದು. ಪ್ಲಗ್ಗಿಗೆ ಕಿಡಿ ಕೊಡುವ ಒಂದು ಕಾಯಿಲ್ ಹೊಸದು. ಬ್ಯಾಟರಿ ಹೊಸದು. ಎಂಜಿನ್ನಿಗೆ ಹೋಗುವ ಗಾಳಿಯ ಬಾಗಿಲು, ಅಂದರೆ ಥ್ರಾಟಲ್ ಬಾಡಿ, ತೊಳೆದಾಗಿದೆ. ಆದರೂ ಕಾರು ನಿಂತಲ್ಲಿ ನಡುಗುತ್ತದೆ. ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವ ನನ್ನ ಹತ್ತಿರ ಇಂಥ ಗಾಡಿಗಳೇ ಜಾಸ್ತಿ ಬರೋದು. ಎಲ್ಲಾ ಕಡೆ ತೋರಿಸಿ, ಬದಲಾಯಿಸೋದನ್ನೆಲ್ಲ ಬದಲಾಯಿಸಿ, ಕೊನೆಗೆ "ಇನ್ನು ವೈರಿಂಗ್ ಒಂದೇ ಉಳಿದಿರೋದು" ಅಂತ ನಮ್ಮ ಬಾಗಿಲಿಗೆ ಬರುತ್ತವೆ. ಅಂಥದ್ದರಲ್ಲಿ ಒಂದನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಮಾಲೀಕರು ನಿವೃತ್ತ ಶಿಕ್ಷಕರು, ಹೆಸರು ಬೇಡ, ಮಾಸ್ತರು ಅಂತಲೇ ಕರೆಯೋಣ. ಗ್ಯಾರೇಜುಗಳ ಹೆಸರೂ ಬೇಡ. ಕಾರಿನ ಕಂಪನಿಯ ಹೆಸರಂತೂ ಬೇಡವೇ ಬೇಡ, ಈ ತೊಂದರೆ ಯಾವ ಕಂಪನಿಯ ಗಾಡಿಗೂ ಬರಬಹುದು.

ಕಾರು, ಊರು

2014ರ ಮಾಡೆಲ್, ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್, ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್. ಓಡಿದ್ದು ಕಡಿಮೆ. ಬೆಳಿಗ್ಗೆ ಮೀನು ಮಾರ್ಕೆಟ್, ಯಾವಾಗಾದರೂ ಬ್ಯಾಂಕು, ಸಂಜೆ ಟಾಗೋರ್ ಬೀಚಿನ ಕಡೆ ಒಂದು ಸುತ್ತು. ಮಗಳ ಮನೆ ಶಿರಸಿಯಲ್ಲಿ. ಆಗೀಗ ಅಂಕೋಲಾ, ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತಿ ಅಲ್ಲಿಗೆ ಹೋಗಿ ಬರುವುದೇ ಈ ಕಾರಿಗೆ ಸಿಗುವ ಉದ್ದ ಓಟ.

ಮನೆ ಕೋಡಿಬಾಗದ ಕಡೆ, ಕಾಳಿ ನದಿ ಸಮುದ್ರ ಸೇರುವ ಜಾಗದ ಹತ್ತಿರ. ಅಲ್ಲಿ ಕಿಟಕಿ ಸರಳಿಗೆ ಬಳಿದ ಬಣ್ಣ ಎರಡು ಮಳೆಗಾಲ ತಡೆದರೆ ದೊಡ್ಡದು. ಕಾರಿಗೆ ಶೆಡ್ ಇಲ್ಲ, ಮೇಲೆ ಟಾರ್ಪಾಲು ಹೊದಿಸಿ ಇಡುತ್ತಿದ್ದರು. ಬಿಸಿಲು ತಡೆಯುವುದಕ್ಕೆ ಟಾರ್ಪಾಲು ಒಳ್ಳೆಯದೇ. ಆದರೆ ನೆಲದಿಂದ ಏಳುವ ತೇವ ಅದರೊಳಗೇ ನಿಲ್ಲುತ್ತದೆ, ಉಪ್ಪು ಗಾಳಿಯೂ ಒಳಗೇ ಉಳಿಯುತ್ತದೆ.

ಇನ್ನೊಂದು ವಿಷಯ. ಒಂದು ಸಲ ಸೆಲ್ಫ್ ಹೊಡೆದರೆ ಬ್ಯಾಟರಿಯಿಂದ ಹೋಗುವ ಕರೆಂಟು ಮಾರ್ಕೆಟ್ಟಿಗೆ ಹೋಗಿ ಬರುವಷ್ಟು ಓಟದಲ್ಲಿ ಪೂರ್ತಿ ವಾಪಸ್ ತುಂಬುವುದು ಕಷ್ಟ. ಅದರಲ್ಲೂ ಎಸಿ, ಲೈಟು ಹಾಕಿಕೊಂಡು ಓಡಿಸಿದರೆ. ಹೀಗಾಗಿ ಈ ಕಾರಿನ ಬ್ಯಾಟರಿ ಯಾವಾಗಲೂ ಅರ್ಧ ಹೊಟ್ಟೆಯಲ್ಲೇ ಇರುತ್ತಿತ್ತು.

ತೊಂದರೆ ಏನು

ಶುರುವಾದದ್ದು ಮಳೆಗಾಲದಲ್ಲಿ. ಕಾರು ನಿಂತಾಗ ಆರ್‌ಪಿಎಂ ಮುಳ್ಳು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಎಂಜಿನ್ ಬಿಸಿಯಾದ ಮೇಲೆ 700–800ರ ಆಸುಪಾಸು ಗಟ್ಟಿ ನಿಲ್ಲಬೇಕಾದದ್ದು 500ಕ್ಕೆ ಇಳಿಯುವುದು, ತಕ್ಷಣ 1000ಕ್ಕೆ ಏರುವುದು, ಮತ್ತೆ ಇಳಿಯುವುದು. ವೈಪರ್, ಹೆಡ್‌ಲೈಟ್, ಬ್ಲೋವರ್ ಮೂರೂ ಹಾಕಿದರೆ ಇನ್ನೂ ಜೋರು. ಪಾರ್ಕಿಂಗ್ ಮಾಡುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಡ್ಯಾಶ್‌ಬೋರ್ಡೇ ಗಡಗಡ ಅನ್ನುವುದು, ಕೆಲವೊಮ್ಮೆ ಎಂಜಿನ್ ನಿಂತೇ ಹೋಗುವುದು. ಬೆಳಿಗ್ಗೆ ಸೆಲ್ಫ್ ಎಳೆದೆಳೆದು ಹೊಡೆಯುವುದು.

ಓಡುವಾಗ ಮಾತ್ರ ಏನೂ ಇಲ್ಲ. ಪಿಕಪ್ ಸರಿ, ಮೈಲೇಜ್ ಸುಮಾರಾಗಿ ಸರಿ.

ಮಾಸ್ತರಿಗೆ ತಲೆ ಕೆಟ್ಟದ್ದು ಇದಕ್ಕಲ್ಲ. ಶಿರಸಿಗೆ ಹೋದರೆ ಕಾರು ಸರಿಯಾಗಿಬಿಡುತ್ತಿತ್ತು! ಮಗಳ ಮನೆಯ ಹತ್ತಿರದ ಗ್ಯಾರೇಜಿನಲ್ಲಿ ತೋರಿಸಿದರೆ ಅಲ್ಲಿಯ ಹುಡುಗ ಬಾನೆಟ್ ಎತ್ತಿ, ಐದು ನಿಮಿಷ ಕಿವಿಗೊಟ್ಟು ಕೇಳಿ, "ಮಾಸ್ತರೇ, ಏನೂ ಇಲ್ಲ ಇದರಲ್ಲಿ, ಆರಾಮ ಓಡಿಸಿ" ಅಂದು ಕಳಿಸಿದ್ದ. ಅವನ ತಪ್ಪೇನೂ ಇಲ್ಲ. ನೂರಾ ಮೂವತ್ತು ಕಿಲೋಮೀಟರ್ ಹತ್ತಿರದ ಓಟ ಮುಗಿಸಿ ಬಂದ ಗಾಡಿ, ಬ್ಯಾಟರಿ ಚೆನ್ನಾಗಿ ತುಂಬಿದೆ, ಹಗಲು, ತಂಪು ಹವೆ, ಎಸಿ ಬೇಡ, ಲೈಟ್ ಬೇಡ. ತೊಂದರೆ ಕಾಣಿಸಿಕೊಳ್ಳಲು ಬೇಕಾದ ಒಂದು ಕಾರಣವೂ ಅಲ್ಲಿರಲಿಲ್ಲ.

ಮೊದಲು ಏನೇನು ಮಾಡಿದ್ದರು

ಕಾರವಾರದ ಒಂದು ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ ತೊಳೆದು, ಏರ್ ಫಿಲ್ಟರ್ ಮತ್ತು ಪ್ಲಗ್ ಬದಲಾಯಿಸಿದರು. ಐಡ್ಲಿಂಗ್ (ಗಾಡಿ ನಿಂತಾಗ ಎಂಜಿನ್ ತಿರುಗುವುದು) ಸರಿಯಿಲ್ಲ ಅಂದರೆ ಯಾರಾದರೂ ಮೊದಲು ಮಾಡುವುದು ಇದನ್ನೇ, ನಾನೂ ಇದಕ್ಕೆ ಬೇಡ ಅನ್ನುವುದಿಲ್ಲ. ಥ್ರಾಟಲ್ ಪ್ಲೇಟಿನ ಅಂಚಿಗೆ ಇಂಗಾಲ ಕಟ್ಟಿದರೆ ಐಡ್ಲಿಂಗಿಗೆ ಬೇಕಾದ ಆ ಚೂರು ಗಾಳಿ ಲೆಕ್ಕ ತಪ್ಪುತ್ತದೆ. ಕಾರು ಸರಿಯಾಯಿತು. ಕೆಲವು ದಿನ.

ಆ "ಕೆಲವು ದಿನ" ಈ ಪ್ರಕರಣದಲ್ಲಿ ಎಲ್ಲರ ದಾರಿ ತಪ್ಪಿಸಿತು. ಥ್ರಾಟಲ್ ತೊಳೆಯುವ ಮೊದಲು ಅವರು ಬ್ಯಾಟರಿಯ ನೆಗೆಟಿವ್ ಕಳಚಿದ್ದರು. ಕೆಲಸ ಮುಗಿದ ಮೇಲೆ ಮತ್ತೆ ಕೂರಿಸಿ ಬಿಗಿ ಮಾಡಿದ್ದರು. ಹಾಗೆ ತೆಗೆದು ಹಾಕುವಾಗ ಕೇಬಲ್ ತುದಿಯ ಕ್ಲ್ಯಾಂಪಿನ ಒಳಮೈ ಬ್ಯಾಟರಿಯ ಸೀಸದ ಪೋಸ್ಟಿಗೆ ಉಜ್ಜಿ ಒಂದಿಷ್ಟು ಹೊಸ ಲೋಹ ತಾಗಿರುತ್ತದೆ. ಸರಿಯಾದದ್ದು ಅದರಿಂದ. ಹೆಸರು ಬಂದದ್ದು ಥ್ರಾಟಲ್ ಬಾಡಿಗೆ. ಮತ್ತೆ ನಡುಗಲು ಶುರುವಾದಾಗ "ಸರಿಯಾಗಿ ತೊಳೆದಿಲ್ಲ" ಅಂತ ಇನ್ನೊಮ್ಮೆ ತೊಳೆಸಿದರು. ಮತ್ತೆ ಕೆಲವು ದಿನ ಸರಿ.

ಆಮೇಲೆ ಯಾರೋ ಸ್ಕ್ಯಾನರ್ ಹಾಕಿದರು. ಪಿ0300 ಅಂತ ದೋಷದ ಕೋಡ್ ಬಂತು. ಯಾವುದೋ ಒಂದು ಸಿಲಿಂಡರ್ ಅಂತ ಗುರುತಿಲ್ಲದೆ, ಅಲ್ಲೊಂದು ಇಲ್ಲೊಂದು ಪೆಟ್ರೋಲ್ ಉರಿಯದೆ ಮಿಸ್ ಹೊಡೆಯುತ್ತಿದೆ ಅಂತ ಅದರ ಅರ್ಥ. ಒಂದು ಕಾಯಿಲ್ ಹೋಗಿದ್ದರೆ ಸಾಮಾನ್ಯವಾಗಿ ಆ ಸಿಲಿಂಡರಿನ ನಂಬರೇ ಬರುತ್ತದೆ. ಪಿ0301 ಅಂದರೆ ಒಂದನೆಯದು, ಪಿ0302 ಅಂದರೆ ಎರಡನೆಯದು, ಹೀಗೆ. 0300 ಬಂದರೆ ನಾಲ್ಕಕ್ಕೂ ಸೇರಿದ್ದನ್ನು ನೋಡಬೇಕು: ಪೆಟ್ರೋಲ್ ಒತ್ತಡ, ಗಾಳಿ ಸೋರಿಕೆ, ವೋಲ್ಟೇಜು. ಇಲ್ಲಿ ಅಂದಾಜಿನ ಮೇಲೆ ಒಂದು ಕಾಯಿಲ್ ಬದಲಾಯಿಸಿದರು. ಏನೂ ಬದಲಾಗಲಿಲ್ಲ.

ಸೆಲ್ಫ್ ಇನ್ನೂ ನಿಧಾನವಾದಾಗ ಬ್ಯಾಟರಿ ಅಂಗಡಿಗೆ ಹೋದರು. ಹಳೆಯದಕ್ಕೆ ವಯಸ್ಸಾಗಿತ್ತು, ಹೊಸದು ಹಾಕಿಸಿದ್ದು ಸರಿಯೇ. ಆದರೆ ಹೊಸ ಬ್ಯಾಟರಿಯ ಪೋಸ್ಟುಗಳು ತುಸು ಸಣ್ಣ. ಬ್ಯಾಟರಿಯಲ್ಲಿ ದಪ್ಪ ಪೋಸ್ಟಿನದು, ಸಣ್ಣ ಪೋಸ್ಟಿನದು ಅಂತ ಎರಡು ಥರ ಬರುತ್ತದೆ. ಕ್ಲ್ಯಾಂಪಿನ ನಟ್ ಪೂರ್ತಿ ಬಿಗಿದರೂ ಅದು ಕೈಯಲ್ಲೇ ತಿರುಗುತ್ತಿತ್ತಂತೆ. ಅಂಗಡಿಯವರು ಸಂದಿಗೆ ಒಂದು ಸಣ್ಣ ಸ್ಕ್ರೂ ಬಡಿದು ಗಟ್ಟಿ ಮಾಡಿಕೊಟ್ಟರು.

ಅದೇ ಅಂಗಡಿಯಲ್ಲಿ, ಎಂಜಿನ್ನಿನಿಂದ ತಿರುಗಿ ಕರೆಂಟು ಮಾಡುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆಯಾ ನೋಡಲು ಎಂಜಿನ್ ಚಾಲೂ ಇದ್ದಾಗಲೇ ಬ್ಯಾಟರಿ ಟರ್ಮಿನಲ್ ಎತ್ತಿ ನೋಡಿದ್ದರು ಅಂತ ಮಾಸ್ತರು ಹೇಳಿದಾಗ ನನಗೆ ಎದೆ ಧಸಕ್ಕೆಂದಿತು. ಹಳೆಯ ಕಾರ್ಬುರೇಟರ್ ಗಾಡಿಗಳ ಕಾಲದ ಅಭ್ಯಾಸ ಅದು. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ಆಲ್ಟರ್ನೇಟರಿನ ವೋಲ್ಟೇಜ್ ಒಮ್ಮೆಲೇ ಜಿಗಿಯುತ್ತದೆ, ಬ್ಯಾಟರಿ ಇಲ್ಲದೆ ಅದನ್ನು ತಡೆಯುವವರಿಲ್ಲ. ಇಸಿಯು ಸುಡಬಹುದು. ಈ ಕಾರು ಪಾರಾದದ್ದು ಅದೃಷ್ಟ.

ಇಷ್ಟರ ಮಧ್ಯೆ ಮಾಸ್ತರೂ ಸುಮ್ನೆ ಕೂತಿರಲಿಲ್ಲ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಂಡಾಗಲೆಲ್ಲ ಒಂದು ಚೊಂಬು ಬಿಸಿನೀರು ಹೊಯ್ಯುತ್ತಿದ್ದರು. ಪುಡಿ ಕರಗಿ ಹೋಗುತ್ತದೆ, ನೋಡಲು ಚಂದ. ಆದರೆ ಆ ನೀರು ಹೋಗುವುದೆಲ್ಲಿಗೆ? ಕೆಳಗೆ. ಈ ಕಾರಿನಲ್ಲಿ ಬ್ಯಾಟರಿ ಟ್ರೇಯ ನೇರ ಕೆಳಗೆ ಗೇರ್‌ಬಾಕ್ಸ್ ಇದೆ. ಬ್ಯಾಟರಿಯಿಂದ ಬರುವ ಅರ್ಥ್ ಕೇಬಲ್, ಅಂದರೆ ನೆಗೆಟಿವ್ ಕೇಬಲ್, ಬೋಲ್ಟ್ ಆಗಿರುವುದು ಅದರ ಮೇಲೆಯೇ.

ಕೊನೆಗೆ ಶಿರಸಿ ಮಾರಿಕಾಂಬಾ ಜಾತ್ರೆ ಬಂತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರು ತುಂಬಾ ಜನ, ಗಾಡಿಗಳು ಇಂಚಿಂಚೇ ಸರಿಯುತ್ತವೆ. ಸೆಕೆಗೆ ಎಸಿ ಹಾಕಿದ್ದರು, ರೇಡಿಯೇಟರ್ ಫ್ಯಾನೂ ತಿರುಗುತ್ತಿತ್ತು, ಪಕ್ಕಕ್ಕೆ ಹಾಕಲು ಸ್ಟೇರಿಂಗ್ ತಿರುಗಿಸಿದರು. ಕಾರು ನಿಂತಿತು. ಸೆಲ್ಫ್ ಟಕ್ ಟಕ್ ಅಂತು, ತಿರುಗಲಿಲ್ಲ. ಜನ ತಳ್ಳಿ ಬದಿಗೆ ಹಾಕಿದರು. ಶಿರಸಿಯಲ್ಲೂ ಕಾರು ಕೈಕೊಟ್ಟದ್ದು ಅದೇ ಮೊದಲು. ನನಗೆ ಅದು ಒಳ್ಳೆಯ ಸುಳಿವೇ ಆಯಿತು: ಊರಿಗೂ ಇದಕ್ಕೂ ಸಂಬಂಧವಿಲ್ಲ, ಕರೆಂಟು ಎಷ್ಟು ಎಳೆಯುತ್ತಿದೆ ಅನ್ನುವುದಕ್ಕೆ ಸಂಬಂಧ.

ಮೀಟರ್ ಕಡ್ಡಿ ಎಲ್ಲಿ ಇಡಬೇಕು

"ತಮ್ಮಾ, ಬ್ಯಾಟರಿ ಹೊಸದು. ಅದನ್ನೊಂದು ಬಿಟ್ಟು ಬೇರೆ ಎಲ್ಲಾ ನೋಡು" ಅಂದರು ಮಾಸ್ತರು. ನಾನು ಅದರಿಂದಲೇ ಶುರು ಮಾಡಿದೆ.

ಎಂಜಿನ್ ಬಂದ್ ಇಟ್ಟು ಸ್ವಲ್ಪ ಹೊತ್ತು ಬಿಟ್ಟು ಅಳೆದರೆ ಬ್ಯಾಟರಿ 12.3 ವೋಲ್ಟ್ ತೋರಿಸಿತು. ಪೂರ್ತಿ ತುಂಬಿದ ಬ್ಯಾಟರಿ 12.6 ಅಥವಾ ಅದಕ್ಕಿಂತ ತುಸು ಮೇಲೆ ಇರಬೇಕು. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. ಹೊಸ ಬ್ಯಾಟರಿ ಅರ್ಧಕ್ಕೆ ಬಂದಿದೆ ಅಂದರೆ ಅದಕ್ಕೆ ಚಾರ್ಜ್ ತಲುಪುತ್ತಿಲ್ಲ.

ಸ್ಟಾರ್ಟ್ ಮಾಡಿ ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೆ ಒಂದು ಕಡ್ಡಿ, ಅದರ ಬಾಡಿಗೆ ಇನ್ನೊಂದು ಕಡ್ಡಿ ಹಿಡಿದರೆ 14.2. ಒಳ್ಳೆಯದು, 13.8ರಿಂದ 14.5ರೊಳಗೆ ಇದ್ದರೆ ಆಲ್ಟರ್ನೇಟರಿನ ಮೇಲೆ ಅನುಮಾನ ಬೇಡ. ಅದೇ ಹೊತ್ತಿಗೆ ಹೆಡ್‌ಲೈಟ್, ಬ್ಲೋವರ್ ಹಾಕಿಟ್ಟು ಬ್ಯಾಟರಿ ಪೋಸ್ಟುಗಳ ಮೇಲೆ ಅಳೆದರೆ 13.6. ಹುಟ್ಟಿದ್ದು 14.2, ಸೇರಿದ್ದು 13.6. ಮಧ್ಯೆ ಯಾರೋ ತಿನ್ನುತ್ತಿದ್ದಾರೆ.

ಇನ್ನು ಸೆಲ್ಫ್. ಎಂಜಿನ್ ಹತ್ತಿಕೊಳ್ಳದಂತೆ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದಿಟ್ಟು, ಮಾಸ್ತರನ್ನು ಸೀಟಿನಲ್ಲಿ ಕೂರಿಸಿ ಕೀ ತಿರುಗಿಸಲು ಹೇಳಿದೆ. ಸೆಲ್ಫ್ ಎಳೆದೆಳೆದು ತಿರುಗುತ್ತಿತ್ತು, ಆದರೆ ಪೋಸ್ಟುಗಳ ಮೇಲೆ ಮೀಟರ್ 11 ವೋಲ್ಟ್ ತೋರಿಸುತ್ತಿತ್ತು. ಇದನ್ನು ಗಮನಿಸಿ. ಬ್ಯಾಟರಿ ಸತ್ತಿದ್ದರೆ ಸೆಲ್ಫ್ ಹೊಡೆದಾಗ ಅದು 9, 8 ಅಂತ ಕುಸಿಯಬೇಕಿತ್ತು. ವೋಲ್ಟೇಜ್ ಗಟ್ಟಿ ನಿಂತಿದೆ, ಆದರೂ ಸೆಲ್ಫ್ ನಿಧಾನ. ಅಂದರೆ ಬ್ಯಾಟರಿ ಕೊಡಲು ತಯಾರಿದೆ, ದಾರಿಯಲ್ಲಿ ತಡೆ ಇದೆ. ಅಂಗಡಿಯಲ್ಲಿ ಪ್ರತಿ ಸಲವೂ ಪೋಸ್ಟಿನ ಮೇಲೆ ಮಾತ್ರ ಕಡ್ಡಿ ಇಟ್ಟು "ಬ್ಯಾಟರಿ ಓಕೆ" ಅಂದಿದ್ದರು. ಅವರು ಹೇಳಿದ್ದು ನಿಜ. ಬ್ಯಾಟರಿ ಓಕೆಯೇ.

ತಡೆ ಎಲ್ಲಿದೆ ಅಂತ ಹುಡುಕುವುದು ಹೀಗೆ. ಮೀಟರನ್ನು ಡಿಸಿ ವೋಲ್ಟಿನಲ್ಲೇ ಇಟ್ಟು, ಒಂದು ಕಡ್ಡಿಯನ್ನು ನೆಗೆಟಿವ್ ಪೋಸ್ಟಿನ ಸೀಸದ ನೆತ್ತಿಗೆ ಒತ್ತಿ, ಇನ್ನೊಂದನ್ನು ಎಂಜಿನ್ ಬ್ಲಾಕಿನ ಮೇಲೆ ಬಣ್ಣವಿಲ್ಲದ ಜಾಗಕ್ಕೆ ಒತ್ತಿ ಸೆಲ್ಫ್ ಹೊಡೆಯಬೇಕು. ತಂತಿ, ಕ್ಲ್ಯಾಂಪ್, ಬೋಲ್ಟ್ ಎಲ್ಲಾ ಸರಿಯಿದ್ದರೆ 0.2 ವೋಲ್ಟಿನೊಳಗೆ ಇರಬೇಕು. ಇಲ್ಲಿ 1.4 ಬಂತು. ಆಮೇಲೆ ಅದನ್ನು ತುಂಡು ಮಾಡುತ್ತಾ ಹೋಗುವುದು. ಪೋಸ್ಟಿನಿಂದ ಕ್ಲ್ಯಾಂಪಿಗೆ: 0.5ರ ಆಸುಪಾಸು, ಕೈ ತಾಗಿದರೆ ಹೆಚ್ಚು ಕಡಿಮೆ ಆಗುತ್ತಿತ್ತು. ಕ್ಲ್ಯಾಂಪಿನಿಂದ ಬ್ಲಾಕಿಗೆ: 0.9. ಎರಡು ಕಡೆ ತೊಂದರೆ. ಒಂದು ಕಣ್ಣಿಗೆ ಕಾಣುವ ಸ್ಕ್ರೂ ಬಡಿದ ಕ್ಲ್ಯಾಂಪು, ಇನ್ನೊಂದು ಕೆಳಗೆಲ್ಲೋ ಕತ್ತಲಲ್ಲಿ.

ಸೆಲ್ಫ್ ಹೊಡೆಯದೆ, ತಡೆ ಅಳೆಯುವ ಓಮ್ ಮೋಡಿನಲ್ಲಿ ಅಳೆದರೆ ಇದು ಸಿಗುವುದಿಲ್ಲ. ಹತ್ತು ಎಳೆಯಲ್ಲಿ ಒಂಬತ್ತು ಕೊಳೆತ ಕೇಬಲ್ಲಿನಲ್ಲೂ ಮೀಟರಿನ ಆ ಪುಟ್ಟ ಕರೆಂಟು ಆರಾಮವಾಗಿ ಹೋಗುತ್ತದೆ, ಮೀಟರ್ ಸೊನ್ನೆ ಅನ್ನುತ್ತದೆ. ನೂರು ಆಂಪಿಯರ್ ದಾಟಿದ ಕರೆಂಟು ಹರಿಯುವಾಗಲೇ ಗೊತ್ತಾಗೋದು.

ಕೊನೆಯದಾಗಿ, ಐಡ್ಲಿಂಗಿಗೂ ಇದಕ್ಕೂ ನಂಟಿದೆಯಾ ಅಂತ ಖಾತ್ರಿ ಮಾಡಿಕೊಳ್ಳಬೇಕಿತ್ತು. ಫ್ಯೂಸ್ ವಾಪಸ್ ಹಾಕಿ ಸ್ಟಾರ್ಟ್ ಮಾಡಿ, ಸ್ಕ್ಯಾನರಿನಲ್ಲಿ ಇಸಿಯುಗೆ ಸಿಗುತ್ತಿರುವ ವೋಲ್ಟೇಜ್ ತೆರೆದಿಟ್ಟು, ಪೋಸ್ಟುಗಳ ಮೇಲೆ ಮೀಟರ್ ಇಟ್ಟು, ಮಾಸ್ತರಿಗೆ ಸ್ಟೇರಿಂಗ್ ತಿರುಗಿಸಲು ಹೇಳಿದೆ. ಮೀಟರಿನಲ್ಲಿ 12.8, ಅಲುಗಾಟವಿಲ್ಲ. ಸ್ಕ್ಯಾನರಿನಲ್ಲಿ 12.0, 12.5, 12.1 ಅಂತ ಕುಣಿತ. ಅದರ ಜೊತೆಗೇ ಆರ್‌ಪಿಎಂ ಮುಳ್ಳಿನ ಕುಣಿತ. ಎರಡೂ ಒಂದೇ ತಾಳಕ್ಕೆ.

ಇದು ಯಾಕೆ ಹೀಗೆ? ಎಲೆಕ್ಟ್ರಿಕ್ ಸ್ಟೇರಿಂಗ್ ನಿಂತಲ್ಲಿ ತಿರುಗಿಸಿದರೆ ಹತ್ತಾರು ಆಂಪಿಯರ್ ಒಮ್ಮೆಲೇ ಎಳೆಯುತ್ತದೆ. ಐಡ್ಲಿಂಗಿನಲ್ಲಿ ಆಲ್ಟರ್ನೇಟರ್ ನಿಧಾನ ತಿರುಗುತ್ತಿರುತ್ತದೆ, ಅಷ್ಟು ಕೊಡಲು ಆಗುವುದಿಲ್ಲ. ಉಳಿದದ್ದನ್ನು ಬ್ಯಾಟರಿ ಕೊಡಬೇಕು. ಆದರೆ ಬ್ಯಾಟರಿಯ ದಾರಿಯಲ್ಲಿ ತಡೆ. ವೋಲ್ಟೇಜ್ ಕುಸಿಯುತ್ತದೆ, ಆಲ್ಟರ್ನೇಟರ್ ಮೇಲೆ ಭಾರ ಬಿದ್ದು ಎಂಜಿನ್ ಜಗ್ಗುತ್ತದೆ. ವೋಲ್ಟೇಜ್ ಇಳಿದಾಗ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆಯುವುದೂ ತಡ, ಕಾಯಿಲ್ ತುಂಬುವುದೂ ತಡ. ಇಸಿಯು ಅದಕ್ಕೆ ಲೆಕ್ಕ ಸರಿಮಾಡಿ ಥ್ರಾಟಲ್ ತುಸು ತೆರೆಯುತ್ತದೆ, ಅಷ್ಟರಲ್ಲಿ ವೋಲ್ಟೇಜ್ ಮೇಲೆ ಬಂದಿರುತ್ತದೆ, ಆರ್‌ಪಿಎಂ ಜಾಸ್ತಿಯಾಯಿತು ಅಂತ ಮತ್ತೆ ಮುಚ್ಚುತ್ತದೆ. ಹಿಂದೆ ಮುಂದೆ, ಹಿಂದೆ ಮುಂದೆ. ಎಲ್ಲಾ ಗಾಡಿಯಲ್ಲೂ ಟರ್ಮಿನಲ್ ಕೊಳೆತರೆ ಐಡ್ಲಿಂಗ್ ಕೆಡಲೇಬೇಕು ಅಂತಿಲ್ಲ. ಆದರೆ ಲೈಟು, ಎಸಿ, ಸ್ಟೇರಿಂಗಿಗೆ ತಕ್ಕಂತೆ ಐಡ್ಲಿಂಗ್ ಬದಲಾಗುತ್ತಿದ್ದರೆ ಪ್ಲಗ್ ಬಿಚ್ಚುವ ಮೊದಲು ಮೀಟರ್ ತೆಗೆಯಿರಿ.

ಬಿಚ್ಚಿದಾಗ ಕಂಡದ್ದು

ಮೊದಲು ನೆಗೆಟಿವ್ ಕಳಚಬೇಕು, ಆಮೇಲೆ ಪಾಸಿಟಿವ್. ಹಾಕುವಾಗ ಉಲ್ಟಾ, ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಯಾಕಂದ್ರೆ ಕಾರಿನ ಬಾಡಿಯೇ ನೆಗೆಟಿವ್. ನೆಗೆಟಿವ್ ಇರುವಾಗ ಪಾಸಿಟಿವ್ ಬಿಚ್ಚಲು ಹೋಗಿ ಪಾನಾ ಬಾಡಿಗೆ ತಾಗಿದರೆ ಶಾರ್ಟ್ ಆಗಿ ಪಾನಾ ಅಲ್ಲೇ ಬೆಸುಗೆಯಾಗಬಹುದು. ಕೈಯಲ್ಲಿ ಉಂಗುರ, ಲೋಹದ ವಾಚ್ ಬೇಡ. ಹತ್ತಿರ ಬೀಡಿ ಬೆಂಕಿ ಬೇಡ, ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ.

ನೆಗೆಟಿವ್ ಕ್ಲ್ಯಾಂಪ್ ಎತ್ತಿದಾಗ ಸ್ಕ್ರೂ ಕೆಳಗೆ ಬಿತ್ತು. ತುಕ್ಕಿನಿಂದ ಅದರ ಅರ್ಧ ಮೈ ಕರಗಿತ್ತು. ಪೋಸ್ಟಿನ ಒಂದು ಬದಿಯಲ್ಲಿ ಸ್ಕ್ರೂವಿನ ಸುತ್ತುಗಳು ಕೊರೆದ ಗೆರೆ. ಕ್ಲ್ಯಾಂಪ್ ಪೋಸ್ಟನ್ನು ಮುಟ್ಟಿದ್ದು ಆ ಗೆರೆಯಲ್ಲಿ ಮತ್ತು ಅದರ ಎದುರಿನ ಒಂದು ಉಗುರಿನಗಲ ಜಾಗದಲ್ಲಿ ಮಾತ್ರ. ಉಳಿದ ಸುತ್ತೆಲ್ಲ ಕಪ್ಪು ಪದರ. ಮೇಲಿಂದ ನೋಡಿದರೆ ಫಳಫಳ, ಬಿಸಿನೀರಿನ ಕೆಲಸ. ಒಳಗೆ ಒಂದು ಹನಿಯೂ ಹೋಗಿರಲಿಲ್ಲ.

ಬ್ಯಾಟರಿ ಎತ್ತಿ, ಟ್ರೇ ಬಿಚ್ಚಿದ ಮೇಲೆ ಗೇರ್‌ಬಾಕ್ಸಿನ ಬೋಲ್ಟ್ ಕಂಡಿತು. ಕೇಬಲ್ಲಿನ ತುದಿಯ ಲಗ್ ಸುತ್ತ ಹಸಿರು ಪುಡಿ. ಲಗ್ಗಿನ ಪಕ್ಕ ಪ್ಲಾಸ್ಟಿಕ್ ಉಬ್ಬಿತ್ತು. ಬ್ಲೇಡಿನಿಂದ ಸೀಳಿದರೆ ತಾಮ್ರದ ಎಳೆಗಳು ಕಪ್ಪು-ಹಸಿರು, ಬೆರಳಲ್ಲಿ ಉಜ್ಜಿದರೆ ಪುಡಿಯಾಗಿ ಉದುರಿದವು. ಆಸಿಡ್ ನೀರು ಎಳೆಗಳ ಸಂದಿಯಲ್ಲಿ ದೀಪದ ಬತ್ತಿಯ ಹಾಗೆ ಏರಿ ಹೋಗಿತ್ತು. ಒಳ್ಳೆಯ ತಾಮ್ರ ಸಿಗುವ ತನಕ ಸೀಳುತ್ತಾ ಹೋದರೆ ಗೇಣುದ್ದ ಹೋಯಿತು. ಮಾಸ್ತರಿಗೆ ತೋರಿಸಿದೆ. ಅವರು ಉದುರಿದ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಲು ಹೊರಟಿದ್ದರು, ನಾನು ತಡೆದೆ. ಉಟ್ಟಿದ್ದು ಬಿಳಿ ಪಂಚೆ. ಬ್ಯಾಟರಿ ಆಸಿಡ್ ಬಟ್ಟೆಗೆ ತಾಗಿದ್ದು ಆಗ ಗೊತ್ತಾಗುವುದಿಲ್ಲ, ಒಗೆದ ಮೇಲೆ ತೂತು ಕಾಣುತ್ತದೆ.

ಇಂಥ ಕೇಬಲ್ಲಿಗೆ ತುದಿ ಕತ್ತರಿಸಿ ಹೊಸ ಲಗ್ ಹಾಕಿ ಸುಧಾರಿಸುವವರಿದ್ದಾರೆ. ನಾನು ಅದಕ್ಕೆ ಒಪ್ಪುವುದಿಲ್ಲ, ಉಳಿದ ಭಾಗ ಎಷ್ಟು ಕೊಳೆತಿದೆ ಅಂತ ಹೊರಗಿನಿಂದ ಹೇಳಲಾಗದು. ಅಷ್ಟೇ ದಪ್ಪದ ಹೊಸ ಕೇಬಲ್, ಒತ್ತಿದ ಲಗ್, ಈ ಬ್ಯಾಟರಿಯ ಪೋಸ್ಟಿಗೆ ಸರಿಹೊಂದುವ ಹೊಸ ಕ್ಲ್ಯಾಂಪು ಹಾಕಿದೆ. ಅಂದಹಾಗೆ ಪಾಸಿಟಿವ್ ಪೋಸ್ಟ್ ನೆಗೆಟಿವ್‌ಗಿಂತ ತುಸು ದಪ್ಪ ಇರುತ್ತದೆ, ಕ್ಲ್ಯಾಂಪ್ ತರುವಾಗ ಯಾವುದಕ್ಕೆ ಅಂತ ಹೇಳಿ ತನ್ನಿ. ಗೇರ್‌ಬಾಕ್ಸಿನ ಮೇಲೆ ಬೋಲ್ಟ್ ಕೂರುವ ಜಾಗವನ್ನು ಪಾಲಿಶ್ ಪೇಪರಿನಿಂದ ಬಿಳಿ ಲೋಹ ಕಾಣುವ ತನಕ ಉಜ್ಜಿದೆ.

ಟ್ರೇ ಮತ್ತು ಬ್ಯಾಟರಿಯ ಮೇಲ್ಮೈಗೆ ಅಡುಗೆ ಸೋಡಾ. ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ಸಾಕು. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಿದರೆ ಆಸಿಡ್ ಇದ್ದಲ್ಲಿ ಬುಸ್ ಅಂತ ನೊರೆ ಬರುತ್ತದೆ. ನೊರೆ ನಿಂತರೆ ಆಸಿಡ್ ಸತ್ತಿತು ಅಂತ. ಒಂದು ಎಚ್ಚರ: ಬ್ಯಾಟರಿಗೆ ನೀರು ಹಾಕುವ ಮುಚ್ಚಳಗಳಿದ್ದರೆ ಬಿಗಿಯಾಗಿರಬೇಕು, ಸೋಡಾ ಒಳಗೆ ಇಳಿದರೆ ಒಳಗಿನ ಆಸಿಡ್ಡೇ ಕೆಡುತ್ತದೆ. ಆಮೇಲೆ ಒಳ್ಳೆ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಕ್ಲ್ಯಾಂಪ್ ಬಿಗಿ ಮಾಡಿ, ಎಲ್ಲಾ ಮುಗಿದ ಮೇಲೆ ಹೊರಗಿನಿಂದ ವ್ಯಾಸಲಿನ್. ಕೆಲವರು ಮೊದಲೇ ಪೋಸ್ಟಿಗೆ ಮೆತ್ತುತ್ತಾರೆ. ಲೋಹ ಲೋಹಕ್ಕೆ ತಾಗಬೇಕಾದ ಜಾಗದಲ್ಲಿ ಅದು ಬೇಡ, ಹೊರಗಿನ ಗಾಳಿ ತಾಗದಂತೆ ಮಾಡಲು ಮಾತ್ರ ಅದು. ಬ್ಯಾಟರಿಯನ್ನು ಹಿಡಿದಿಡುವ ಪಟ್ಟಿಯ ನಟ್ಟೂ ಸಡಿಲವಿತ್ತು, ಅದನ್ನೂ ಬಿಗಿದೆ. ಬ್ಯಾಟರಿ ಅಲುಗಾಡಿದರೆ ಟರ್ಮಿನಲ್ ಬೇಗ ಸಡಿಲವಾಗುತ್ತದೆ.

ಮತ್ತೆ ಅಳೆದೆ. ಸೆಲ್ಫ್ ಹೊಡೆಯುವಾಗ ನೆಗೆಟಿವ್ ಪೋಸ್ಟಿನಿಂದ ಬ್ಲಾಕಿಗೆ 0.12. ಸೆಲ್ಫಿನ ಸದ್ದೇ ಬೇರೆ. ಲೈಟು, ಬ್ಲೋವರ್, ಎಸಿ ಎಲ್ಲಾ ಹಾಕಿ ಸ್ಟೇರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿದರೂ ಮುಳ್ಳು ಒಂದು ಸಲ ತುಸು ಬಗ್ಗಿ ವಾಪಸ್ ಬಂತು. ಮಾಸ್ತರು ನಾಲ್ಕೈದು ಸಲ ತಿರುಗಿಸಿ ನೋಡಿದರು, ನಂಬಿಕೆ ಬರಲಿಲ್ಲ ಅನ್ನಿಸುತ್ತದೆ.

ಆದರೂ ಉಳಿದ ಒಂದು ಸಣ್ಣ ನಡುಕ

ಇಲ್ಲಿಗೆ ಮುಗಿಯಿತು ಅಂದುಕೊಂಡು ಬಿಲ್ ಬರೆಯಬಹುದಿತ್ತು. ಆದರೆ ಏನೂ ಹಾಕದೆ ಸುಮ್ನೆ ಐಡ್ಲಿಂಗಿನಲ್ಲಿ ಬಿಟ್ಟಾಗ ಸೀಟಿನಲ್ಲಿ ಒಂದು ಸಣ್ಣ ನಡುಕ ಇತ್ತು. ಬ್ಯಾಟರಿ ಕಳಚಿ ಹಾಕಿದ ಮೇಲೆ ಇಸಿಯು ಕಲಿತಿದ್ದ ಐಡ್ಲಿಂಗ್ ಲೆಕ್ಕ ಮರೆತಿರುತ್ತದೆ, ಮೊದಲ ಸ್ವಲ್ಪ ಹೊತ್ತು ಹೀಗಾಗುವುದು ಸಹಜ. ಹಾಗಾಗಿ ಅಂಕೋಲಾ ತನಕ ಓಡಿಸಿ ತರಲು ಹೇಳಿದೆ. ಬಂದ ಮೇಲೂ ಇತ್ತು.

ಈಗ ವೋಲ್ಟೇಜ್ ಗಟ್ಟಿಯಿರುವುದರಿಂದ ಸ್ಕ್ಯಾನರಿನ ಉಳಿದ ಅಂಕಿಗಳನ್ನು ನಂಬಬಹುದಿತ್ತು. ಫ್ಯೂಯಲ್ ಟ್ರಿಮ್ ನೋಡಿದೆ. ಗಾಳಿಗೆ ತಕ್ಕ ಪೆಟ್ರೋಲ್ ಸಾಕಾಗದಿದ್ದಾಗ ಇಸಿಯು ಎಷ್ಟು ಜಾಸ್ತಿ ಸೇರಿಸುತ್ತಿದೆ ಅನ್ನುವ ಲೆಕ್ಕ ಅದು. ಐಡ್ಲಿಂಗಿನಲ್ಲಿ ಪ್ಲಸ್ ಶೇಕಡಾ 17. ಎಂಜಿನ್ ಬಿಸಿಯಾದಾಗ ಹತ್ತರೊಳಗೆ ಇದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಆಕ್ಸಿಲರೇಟರ್ ಒತ್ತಿ 2500ಕ್ಕೆ ತಂದರೆ ಪ್ಲಸ್ 4ಕ್ಕೆ ಇಳಿಯಿತು. ಐಡ್ಲಿಂಗಿನಲ್ಲಿ ಮಾತ್ರ ಜಾಸ್ತಿ, ವೇಗದಲ್ಲಿ ಸರಿ ಅಂದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿದೆ. ನಿಧಾನವಿದ್ದಾಗ ಎಂಜಿನ್ ಉಸಿರೆಳೆಯುವುದೇ ಚೂರು, ಆಗ ಸಣ್ಣ ತೂತೂ ದೊಡ್ಡದು. ಈ ಕಾರಿನಲ್ಲಿ ಗಾಳಿ ಅಳೆಯುವ ಸೆನ್ಸರ್ ಏರ್ ಫಿಲ್ಟರಿನ ಪಕ್ಕದ ಪೈಪಿನಲ್ಲಿದೆ, ಹಾಗಾಗಿ ಈ ಲಕ್ಷಣ ಇಷ್ಟು ಸ್ಪಷ್ಟ. ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸೆನ್ಸರ್ ಇರುವ ಗಾಡಿಗಳಲ್ಲಿ ಇಂಥ ಸೋರಿಕೆಗೆ ಟ್ರಿಮ್ ಇಷ್ಟು ಏರದೆ, ಐಡ್ಲಿಂಗೇ ಮೇಲೆ ಹೋಗಿ ಕೂರುವುದು ಹೆಚ್ಚು.

ವಾಲ್ವ್ ಕವರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಪಿಸಿವಿ ಹೋಸ್ (ಎಂಜಿನ್ನಿನೊಳಗಿನ ಹೊಗೆ ಎಳೆಯುವ ಪೈಪು) ಬಾಗಿರುವ ಜಾಗದಲ್ಲಿ ಕೆಳಬದಿಗೆ ಒಂದು ಬಿರುಕು. ಮೇಲಿಂದ ಕಾಣುವುದಿಲ್ಲ, ಬೆರಳಿಟ್ಟರೆ ಸಿಗುತ್ತದೆ. ಬೆರಳಿಂದ ಮುಚ್ಚಿ ಹಿಡಿದರೆ ಎಂಜಿನ್ ಸದ್ದು ಬದಲಾಯಿತು. ಹೋಸ್ ಬದಲಾಯಿಸಿದ ಮೇಲೆ ಟ್ರಿಮ್ 3ರ ಹತ್ತಿರ ಬಂತು, ನಡುಕ ಹೋಯಿತು.

ಈ ಎರಡನೇ ತೊಂದರೆ ಮೊದಲಿನಿಂದಲೂ ಇತ್ತು ಅನ್ನುವುದು ನನ್ನ ಅಂದಾಜು. ಅದೊಂದೇ ಇದ್ದಿದ್ದರೆ ಗಾಡಿ ಎಲ್ಲಾ ಊರಲ್ಲೂ ಒಂದೇ ಥರ ನಡುಗುತ್ತಿತ್ತು, ಯಾರಾದರೂ ಹಿಡಿದುಬಿಡುತ್ತಿದ್ದರು. ಅರ್ಥ್ ಒಂದೇ ಇದ್ದಿದ್ದರೂ ಲೋಡ್ ಇಲ್ಲದಾಗ ಪೂರ್ತಿ ಶಾಂತವಾಗಿರುತ್ತಿತ್ತು. ಎರಡೂ ಸೇರಿದ್ದರಿಂದ ಲಕ್ಷಣ ಕಲಸಿಹೋಗಿತ್ತು, ಮಿಸ್ ಕೋಡಿಗೂ ಎರಡರದ್ದೂ ಪಾಲಿರಬೇಕು. ವೋಲ್ಟೇಜ್ ಕುಣಿಯುತ್ತಿರುವಾಗ ಟ್ರಿಮ್ ನೋಡಿದ್ದರೆ ಆ ಅಂಕಿಯೂ ನಂಬುವ ಹಾಗಿರುತ್ತಿರಲಿಲ್ಲ. ವಿದ್ಯುತ್ತಿನ ಕಡೆಯದನ್ನು ಮೊದಲು ಮುಗಿಸಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಖರ್ಚಿನ ಮಾತು. ಮೊದಲು ಬದಲಾಯಿಸಿದ್ದೆಲ್ಲ ಸೇರಿ ಹತ್ತು ಸಾವಿರ ದಾಟಿತ್ತು. ಕೇಬಲ್, ಕ್ಲ್ಯಾಂಪ್, ಹೋಸ್ ಮೂರಕ್ಕೆ ಸಾಮಾನಿನ ಖರ್ಚು ಸಾವಿರದೊಳಗೆ. ಬ್ಯಾಟರಿ, ಪ್ಲಗ್ ಹೇಗೂ ಬೇಕಿತ್ತು ಅನ್ನಬಹುದು. ತೆಗೆದ ಕಾಯಿಲನ್ನು ಮಾಸ್ತರು ಡಿಕ್ಕಿಯಲ್ಲೇ ಇಟ್ಟುಕೊಂಡಿದ್ದರು.

ಕರಾವಳಿಯ ಗಾಡಿಗೆ

ಮಾಸ್ತರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮಳೆಗಾಲ ಶುರುವಾಗುವ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಕ್ಲ್ಯಾಂಪುಗಳನ್ನು ಪೂರ್ತಿ ಕಳಚಿ ಒಳಮೈ ಉಜ್ಜಬೇಕು. ಕಳಚುವ ಮೊದಲು ರೇಡಿಯೋ ಕೋಡ್ ಬೇಕಾಗುತ್ತದಾ ಅಂತ ಗಾಡಿಯ ಪುಸ್ತಕದಲ್ಲಿ ನೋಡಿಕೊಳ್ಳಿ. ಬರೀ ಬಿಸಿನೀರು ಹೊಯ್ಯುವುದು ಬೇಡ. ಕ್ಲ್ಯಾಂಪ್ ಕೈಯಲ್ಲಿ ಅಲುಗಿದರೆ ಸ್ಕ್ರೂ, ಮೊಳೆ, ಸಿಗರೇಟ್ ಪ್ಯಾಕಿನ ತಗಡು ಯಾವುದನ್ನೂ ತುರುಕಬಾರದು. ಪೋಸ್ಟಿಗೆ ಹಾಕುವ ಸೀಸದ ಬಳೆ ಸಿಗುತ್ತದೆ, ಇಲ್ಲವೇ ಸರಿಯಾದ ಕ್ಲ್ಯಾಂಪ್ ಹಾಕಿ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕುವವರು ಗುರುತು ದಾಟಿ ತುಂಬಬೇಡಿ, ಉಕ್ಕಿ ಬರುವುದೇ ಟರ್ಮಿನಲ್ ತಿನ್ನುವುದು. ಪಾಸಿಟಿವ್ ಕಡೆ ಪದೇ ಪದೇ ಪುಡಿ ಕಟ್ಟುತ್ತಿದ್ದರೆ ಚಾರ್ಜಿಂಗ್ 14.5 ದಾಟುತ್ತಿದೆಯಾ ಅಂತ ಒಮ್ಮೆ ನೋಡಿಸಿ.

ಮಾಸ್ತರು ಟಾರ್ಪಾಲು ಬದಲು ಗಾಳಿಯಾಡುವ ಕವರ್ ತಂದಿದ್ದಾರೆ. ವಾರಕ್ಕೊಮ್ಮೆ ಸದಾಶಿವಗಡ ದಾಟಿ ಮಾಜಾಳಿ ತನಕ ಹೋಗಿ ಬರುತ್ತಾರಂತೆ, ಬ್ಯಾಟರಿಗೆ ಅಂತ ಹೇಳುತ್ತಾರೆ, ಅಲ್ಲಿ ಮೀನು ಅಗ್ಗ ಅಂತಲೂ ಕೇಳಿದ್ದೇನೆ.

ಪಾಸಿಟಿವ್ ಕೇಬಲ್ ನಾನು ಬದಲಾಯಿಸಿಲ್ಲ. ಸೆಲ್ಫ್ ಹೊಡೆಯುವಾಗ ಅದರಲ್ಲಿ 0.3 ವೋಲ್ಟ್ ಬೀಳುತ್ತಿದೆ. 0.5ರ ತನಕ ನಡೆಯುತ್ತದೆ, ಆದರೆ ಹೊಸದಿದ್ದಾಗ ಇಷ್ಟಿರಲಿಕ್ಕಿಲ್ಲ. ಮಳೆ ಮುಗಿದ ಮೇಲೆ ಮತ್ತೆ ತರಲು ಹೇಳಿದ್ದೇನೆ. ಅಂಕಿ ಏರಿದ್ದರೆ ಅದನ್ನೂ ಬಿಚ್ಚುವುದೇ.